ಮಲಗಿಸದೆ ಬಿಟ್ಟ ಅಡಿಗಲ್ಲು

ಇಂಥ ಅನುಭವಗಳನ್ನು ಯಾರಾದರೂ ಬರೆದಿದ್ದರೆ ನಾನು ಅವನ್ನು ಓದುತ್ತಿದ್ದದ್ದು ಕೆಂಪು ಪೆನ್ನು ಹಿಡಿದುಕೊಂಡೇ. ಬರೆದವರಿಗೆ ಅಂದು ಜ್ವರವಿತ್ತೇ, ದೀಪ ಇರಲಿಲ್ಲವೇ, ನಡೆದದ್ದಕ್ಕೂ ಬರೆದದ್ದಕ್ಕೂ ನಡುವೆ ಎಷ್ಟು ವರ್ಷ ಕಳೆದಿತ್ತು, ಅಷ್ಟರಲ್ಲಿ ಕಥೆಗೆ ಎಷ್ಟು ಕೈಕಾಲು ಮೂಡಿದ್ದವು ಎಂದು ಹುಡುಕಿ ಗೆರೆ ಎಳೆದರೇ ನನಗೆ ಸಮಾಧಾನ. ಹೊಸಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ದೆವ್ವದ ಸುದ್ದಿ ತೆಗೆದರೆ, “ಮುಂದಿನ ಸಲ ಕಂಡ್ರ ಅದರ ತೂಕ ಎಷ್ಟು ಅಂತ ಕೇಳಿಕೊಂಡು ಬರ್ರಿ, ಆಮ್ಯಾಲೆ ಮಾತಾಡೋಣು” ಎಂದು ಬಾಯಿ ಮುಚ್ಚಿಸುತ್ತಿದ್ದೆ. ನನ್ನ ಬೆನ್ನ ಹಿಂದೆ ಅವರು ನನ್ನನ್ನೇ ದೆವ್ವ ಅನ್ನುತ್ತಿದ್ದರಂತೆ, ಅದು ಬೇರೆ ಮಾತು.

ಈಗ ನಾನು ಬರೆಯುತ್ತಿರುವುದು ರಾತ್ರಿ ನಡೆದದ್ದಲ್ಲ. ಬೆಳಕಿರುವಾಗ, ಗಡಿಯಾರ ನೋಡಿಕೊಂಡು, ಕಾಗದದ ಮೇಲೆ ಬರೆದಿಟ್ಟುಕೊಂಡದ್ದು. ಆ ಕಾಗದಗಳು ಇನ್ನೂ ನನ್ನ ಬೀರುವಿನಲ್ಲಿವೆ. ಕೆಂಪು ಪೆನ್ನು ಇನ್ನು ನಿಮ್ಮ ಕೈಗೆ. ನಾನು ಎಲ್ಲಿ ತಪ್ಪಿದೆ ಎಂದು ನಿಮಗೆ ಕಂಡರೆ ನನಗೇ ಒಳ್ಳೆಯದು.

ನಮ್ಮದು ಕಂಪ್ಲಿಯ ಕಂಬಾರರ ಮನೆ. ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಅಪ್ಪನ ಕುಲುಮೆ ಇತ್ತು. ಕುಡಗೋಲು, ಕೊಡಲಿ, ಕಬ್ಬು ಕಡಿಯುವ ಕತ್ತಿ, ಗುದ್ದಲಿ, ಇವೇ ಅವನ ಕೆಲಸ. ಕುಲುಮೆಯ ನಡುವೆ ಜಾಲಿಯ ಕೊರಡಿನ ಮೇಲೆ ಕೂತಿದ್ದ, ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲನ್ನು ನಮ್ಮ ಮನೆಯಲ್ಲಿ ಬರೀ ‘ಕಲ್ಲು’ ಎನ್ನುತ್ತಿದ್ದೆವು. ಹೆಸರಿಗಷ್ಟೇ ಕಲ್ಲು, ಅದು ಅಪ್ಪಟ ಕಬ್ಬಿಣ, ಒಂದು ಕಡೆ ಕೊಂಬು, ಇನ್ನೊಂದು ಕಡೆ ಚಪ್ಪಟೆ ಬಾಲ. ಹೊಸಪೇಟೆಯ ಡ್ಯಾಮ್ ಕಟ್ಟುವ ಕಾಲಕ್ಕೆ ನನ್ನ ಅಜ್ಜ ಎಲ್ಲಿಂದಲೋ ಗಾಡಿಯ ಮೇಲೆ ಹೇರಿಕೊಂಡು ತಂದದ್ದು. ಅಪ್ಪ ಮಾತ್ರ ಗಿರಾಕಿಗಳ ಮುಂದೆ ಅದು ಹಂಪಿ ಅರಸರ ಕಾಲದ್ದು, ಅವರ ಕುದುರೆಗಳ ಲಾಳ ಇದರ ಮೇಲೇ ಆದದ್ದು ಎಂದು ಕೊಚ್ಚುತ್ತಿದ್ದ. ನಾನು ಹತ್ತನೇ ತರಗತಿಯವರೆಗೂ ಅದನ್ನು ನಂಬಿದ್ದೆ.

ಆ ಕಲ್ಲಿಗೆ ನಮ್ಮ ಮನೆಯಲ್ಲಿ ಎರಡು ಕಟ್ಟಳೆ. ಬೇರೆ ಕಂಬಾರರು ಬಡಿಯುವಾಗ ನಡುನಡುವೆ ತಾಳ ಹಿಡಿಯಲು ಖಾಲಿ ಕಲ್ಲಿನ ಮೇಲೂ ಸುತ್ತಿಗೆ ಕುಣಿಸುತ್ತಾರೆ. ಅಪ್ಪ ಹಾಗೆ ಮಾಡುತ್ತಿರಲಿಲ್ಲ, ಯಾರಿಗೂ ಮಾಡಗೊಡುತ್ತಲೂ ಇರಲಿಲ್ಲ. ಖಾಲಿ ಕಲ್ಲಿಗೆ ಪೆಟ್ಟು ಬೀಳುತ್ತಿದ್ದದ್ದು ದಿನಕ್ಕೆ ಒಂದೇ ಸಲ, ಸಂಜೆ ಕೆಲಸ ಮುಗಿದಾಗ. ಎರಡು ಸಣ್ಣ ಪೆಟ್ಟು, ಒಂದು ದೊಡ್ಡದು. ಅದು ಕೇಳಿದೊಡನೆ, ಸ್ವಲ್ಪ ಮೊದಲೇ ಹಿಂದಿನ ಮನೆಗೆ ಹೋಗಿರುತ್ತಿದ್ದ ಅವ್ವ ಹಂಚು ಇಡುತ್ತಿದ್ದಳು. ಅಪ್ಪ ಕೈಕಾಲು ತೊಳೆದು ಬರುವ ಹೊತ್ತಿಗೆ ತಟ್ಟೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಎರಡು ಹಸಿಮೆಣಸಿನಕಾಯಿ, ಜಜ್ಜಿದ ಉಳ್ಳಾಗಡ್ಡಿ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ಆ ಕಾಲಕ್ಕೆ ಬೇರೆ ಮನೆಗಳಲ್ಲಿ ಗಂಡ ಉಂಡ ಮೇಲೆ ಹೆಂಡತಿ ಉಣ್ಣುವುದಿತ್ತು. ಆದರೆ ಅವ್ವ ಬೆಳಗಿನಿಂದ ಅವನ ಜೊತೆ ತಿದಿ ಒತ್ತಿ, ಸಮ್ಮಟಿಗೆ ಎತ್ತಿ ದುಡಿದವಳು, ಅವಳಿಗೂ ಅಷ್ಟೇ ಹಸಿವು. ವರ್ಷಗಟ್ಟಲೆ ಆ ಕಲ್ಲಿನ ಪಕ್ಕ ನಿಂತು ನಿಂತು ಅವಳ ಕಿವಿ ಹೋಗಿತ್ತು. ಅಪ್ಪನ ಕಡೆಗಾಲದ ಹೊತ್ತಿಗೆ ಪಕ್ಕದಲ್ಲಿ ಕುಕ್ಕರ್ ಸೀಟಿ ಹೊಡೆದರೂ ಅವಳಿಗೆ ತಿಳಿಯುತ್ತಿರಲಿಲ್ಲ.

ಎರಡನೆಯ ಕಟ್ಟಳೆ ಸಾವಿನದ್ದು. ಕುಲುಮೆಯ ಯಜಮಾನ ತೀರಿಕೊಂಡರೆ ಹನ್ನೊಂದನೆಯ ದಿನ ವಾರಸುದಾರ ಅವನ ಸುತ್ತಿಗೆಯಿಂದ ಅದೇ ಮೂರು ಪೆಟ್ಟು ಹಾಕಿ, ಕೊನೆಯ ಪೆಟ್ಟಿನ ನಾದ ಏಳುತ್ತಿರುವಾಗಲೇ ಕಲ್ಲಿನ ಮೇಲೆ ಅಂಗೈ ಒತ್ತಿ ಅದನ್ನು ಸುಮ್ಮನಾಗಿಸಬೇಕು. ಆಮೇಲೆ ಕಲ್ಲನ್ನು ಕೊರಡಿನಿಂದ ಇಳಿಸಿ ಒಂದು ರಾತ್ರಿ ಪಕ್ಕಕ್ಕೆ ಮಲಗಿಸಬೇಕು. ಸತ್ತವನ ಕೆಲಸ ಮುಗಿಯಿತು ಎಂದು ಕಲ್ಲಿಗೂ ಮನೆಗೂ ತಿಳಿಸುವುದು. ಇದಕ್ಕೆ ‘ಕಲ್ಲು ಮಲಗಿಸುವುದು’ ಎಂದು ಹೆಸರು.

ಅಪ್ಪ ಹೋದದ್ದು ಒಂದು ಮಧ್ಯಾಹ್ನ, ಕುಡಗೋಲಿನ ಅಲಗಿಗೆ ಕಕ್ಕು ಹಾಕಿ ಹಲ್ಲು ಮೂಡಿಸುತ್ತಿರುವಾಗಲೇ ಎದೆ ಹಿಡಿದುಕೊಂಡು. ಆ ದಿನದ ಮೂರು ಪೆಟ್ಟು ಬೀಳಲೇ ಇಲ್ಲ. ಹನ್ನೊಂದನೆಯ ದಿನ ಕಲ್ಲು ಮಲಗಿಸುವವರು ಯಾರು ಎಂಬ ಮಾತು ಬಂತು. ಇದ್ದವಳು ನಾನೊಬ್ಬಳೇ ಮಗಳು. ಹೆಣ್ಣುಮಕ್ಕಳು ಸುತ್ತಿಗೆ ಹಿಡಿದು ಯಜಮಾನನ ಜಾಗದಲ್ಲಿ ಕೂಡುವಂತಿಲ್ಲ ಎಂದು ಹಿರಿಯರು ಹೇಳಿದರು. ಅಪ್ಪನ ದಾಯಾದಿಯೊಬ್ಬ, ಸಾಮಾನೆಲ್ಲ ತನಗೆ ಕೊಡುವುದಾದರೆ ತಾನು ಮಾಡುತ್ತೇನೆ ಎಂದ. ನನಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಸಮ್ಮಟಿಗೆ ಎತ್ತಿದ ನನ್ನ ಅವ್ವ ಅಲ್ಲೇ ಮೂಲೆಯಲ್ಲಿ ಕೂತಿದ್ದಳು. “ಕಬ್ಬಿಣಕ್ಕ ಯಾರು ಸತ್ತರು ಯಾರು ಬದುಕಿದರು ಅಂತ ಗೊತ್ತಾಗಂಗಿಲ್ಲ. ಇದೇನೂ ಬ್ಯಾಡ” ಎಂದು ಹೇಳಿ ಕುಲುಮೆಗೆ ಬೀಗ ಹಾಕಿಬಿಟ್ಟೆ. ಅವ್ವ ಆಗ ನನ್ನ ಮುಖ ನೋಡಿದಳು. ಅವಳನ್ನು ಹೊಸಪೇಟೆಗೆ ಕರೆದುಕೊಂಡು ಬಂದೆ. ಮನೆಯಲ್ಲಿ ನಾವಿಬ್ಬರೇ. ನಾನು ಶಾಲೆಗೆ ಹೋದಾಗ ಎದುರುಮನೆಯ ಶಾಂತಕ್ಕ ಬಂದು ಕೂಡುತ್ತಿದ್ದಳು. ಮೂರು ವರ್ಷ ಎಲ್ಲವೂ ಸರಿಯಾಗಿತ್ತು. ಅವ್ವನ ತಲೆ ಚುರುಕಾಗಿತ್ತು, ಹೊತ್ತು ಹೊತ್ತಿಗೆ ಉಣ್ಣುತ್ತಿದ್ದಳು. ಮರೆವಿನ ಕಾಯಿಲೆ ಅವಳಿಗೆ ಇರಲಿಲ್ಲ, ಇದನ್ನು ದಯವಿಟ್ಟು ನೆನಪಿಡಿ.

ಕುಲುಮೆಯ ಜಾಗದ ಮಾಲೀಕರು ಅಲ್ಲಿ ಮಳಿಗೆ ಕಟ್ಟಲು ಹೊರಟಾಗ ಸಾಮಾನು ಖಾಲಿ ಮಾಡಬೇಕಾಯಿತು. ಇಕ್ಕಳ, ಸಮ್ಮಟಿಗೆಗಳನ್ನು ಬೇಡಿದವರಿಗೆ ಕೊಟ್ಟೆ. ಅಪ್ಪನ ಕೈಸುತ್ತಿಗೆ ಒಂದನ್ನು ಮಾತ್ರ ಇಟ್ಟುಕೊಂಡೆ. ಕಲ್ಲನ್ನು ಏನು ಮಾಡುವುದು? ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳಿದ. ಒಪ್ಪಲು ಮನಸ್ಸು ಬರಲಿಲ್ಲ. ಅದು ನಿಜವಾಗಿ ಯಾವ ಕಾಲದ್ದು, ಏನು ಬೆಲೆಯದ್ದು ಎಂದು ಮೊದಲು ತಿಳಿಯೋಣ ಎಂದು ಮಾವನನ್ನು ಕರೆಸಿದೆ. ಮಾವ ಎಂದರೆ ಅವ್ವನ ತಮ್ಮ. ಎಳೆಯ ವಯಸ್ಸಿನಲ್ಲಿ ಅಪ್ಪನ ಹತ್ತಿರ ಕೆಲಸ ಕಲಿತು, ಆಮೇಲೆ ದೋಣಿಮಲೈ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತನಾಗಿ ಸಂಡೂರಿನಲ್ಲಿದ್ದ. ಕಬ್ಬಿಣದ ವಿಷಯದಲ್ಲಿ ಅವನ ಮಾತೇ ಕೊನೆ.

ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಕಂಪ್ಲಿಗೆ ಹೋದೆವು. ಮಾವ ಚೀಲದಿಂದ ತಂತಿ ಬ್ರಷ್ಷು, ಸೀಮೆಎಣ್ಣೆ, ಸೀಮೆಸುಣ್ಣ, ಬೇರಿಂಗಿನ ಒಂದು ಉಕ್ಕಿನ ಗುಂಡು ತೆಗೆದ. ಕಲ್ಲಿನ ಸೊಂಟವನ್ನು ಉಜ್ಜಿ ಉಜ್ಜಿ ತೊಳೆದು ಸುಣ್ಣ ತಿಕ್ಕಿದಾಗ ತಗ್ಗುಗಳಲ್ಲಿ ಬಿಳಿ ಕೂತು ಅಕ್ಷರಗಳು ಎದ್ದವು. ಅರ್ಧ ಸವೆದ ಇಂಗ್ಲಿಷ್ ಹೆಸರು, ಅದರ ಕೆಳಗೆ ದೂರ ದೂರ ಮೂರು ಅಂಕಿ: ಒಂದು, ಎರಡು, ಹತ್ತು. ಮಾವ ನಕ್ಕುಬಿಟ್ಟ.

“ನಿಮ್ಮಪ್ಪನ ಅರಸರು ಇಂಗ್ಲೀಷ್ ಕಲಿತಿದ್ರು ನೋಡವ್ವ,” ಎಂದ.

ಆ ಅಂಕಿಗಳು ತೂಕವಂತೆ. ಮೊದಲನೆಯದು ನೂರಹನ್ನೆರಡು ಪೌಂಡಿನ ಲೆಕ್ಕ, ಎರಡನೆಯದು ಇಪ್ಪತ್ತೆಂಟರದ್ದು, ಮೂರನೆಯದು ಬಿಡಿ ಪೌಂಡು. ಕೂಡಿಸಿದರೆ ಎಂಬತ್ತು ಕೆಜಿಯ ಮೇಲೆ ಚಿಲ್ಲರೆ. ಬ್ರಿಟಿಷರ ಕಾಲದಲ್ಲಿ ಹಡಗಿನಲ್ಲಿ ಬಂದ ಮಾಲು. ಆಮೇಲೆ ಮಾವ ಗುಂಡನ್ನು ಒಂದು ಗೇಣು ಎತ್ತರದಿಂದ ಕಲ್ಲಿನ ಮುಖದ ಮೇಲೆ ಬಿಟ್ಟ. ಅದು ಪುಟಿದು ಹೆಚ್ಚುಕಡಿಮೆ ಅವನ ಬೆರಳಿಗೇ ಬಂತು. ಮೇಲಿನ ಉಕ್ಕು ಇನ್ನೂ ಗಟ್ಟಿ ಇದೆ ಎಂದು ಅದರ ಅರ್ಥ. ಉಳಿದದ್ದು ಒಂದೇ ಪರೀಕ್ಷೆ. ಒಳಗೆ ಬಿರುಕು ಇದ್ದರೆ ಕಲ್ಲು ಬಡಿದಾಗ ನಾದವಿಲ್ಲದೆ ಬೊದ್ ಎನ್ನುತ್ತದೆ, ಇಲ್ಲದಿದ್ದರೆ ಗಂಟೆಯ ಹಾಗೆ ನಾದ ಕೊಡುತ್ತದೆ. ಮಾವ ಅಪ್ಪನ ಸುತ್ತಿಗೆ ಎತ್ತಿಕೊಂಡು ಹಾಗೇ ನಿಂತ.

“ಖಾಲಿ ಕಲ್ಲಿಗೆ ಹೊಡಿಬೇಕಾಗ್ತೈತಿ,” ಎಂದ. “ಕಲ್ಲು ಮಲಗಿಸಿಲ್ಲ ಬ್ಯಾರೆ. ಹೊಡೀಲ್ಯಾ?”

“ಹೊಡಿ ಮಾವಾ. ಅದಕ್ಕೇನು ಗೊತ್ತಾಗ್ತೈತಿ?” ಎಂದೆ ನಾನು.

ಮಾವ ಒಂದು ಪೆಟ್ಟು ಹಾಕಿದ್ದರೆ ಸಾಕಿತ್ತು. ಅಪ್ಪನ ಕೈಕೆಳಗೆ ಪಳಗಿದ ಕೈ, ತಾನಾಗಿಯೇ ಎರಡು ಸಣ್ಣ ಪೆಟ್ಟು ಹಾಕಿ ಮೂರನೆಯದನ್ನು ದೊಡ್ಡದಾಗಿ ಹಾಕಿತು. ಮೂರು ವರ್ಷ ಬೀಗದೊಳಗಿದ್ದ ಕಲ್ಲು ಹಳೆಯ ದನಿಯಲ್ಲೇ ಕೂಗಿತು. ನಾನು ತಟಕ್ಕನೆ ಹಿಂದಿನ ಮನೆಯ ಕಡೆ ತಿರುಗಿ ನೋಡಿದೆ, ಸುಳ್ಳು ಹೇಳುವುದಿಲ್ಲ. ಬಾಲ್ಯದ ನೆನಪು ಎಂದುಕೊಂಡೆ. ಮಾವ ಸುತ್ತಿಗೆ ಕೆಳಗಿಟ್ಟು, “ಒಂದು ಕೂದಲು ಬಿರುಕಿಲ್ಲ. ಗುಜರಿಗೆ ಹಾಕಬ್ಯಾಡ, ಪಾಪ ಬರ್ತೈತಿ” ಎಂದ. ಕಮಲಾಪುರದ ಹತ್ತಿರ ಒಂದು ರೆಸಾರ್ಟಿನವರು ಹಳೆಯ ಸಾಮಾನು ಹುಡುಕುತ್ತಿದ್ದಾರೆ, ಅವರಿಗೆ ಹೇಳುತ್ತೇನೆ ಎಂದೂ ಅಂದ.

ನಾವು ಹೊರಗೆ ಬಂದು ಚಹಾ ಕುಡಿಯುತ್ತಿರುವಾಗ ಶಾಂತಕ್ಕನ ಫೋನು ಬಂತು. “ಟೀಚರ್ರ, ಯಾರಾರ ಊಟಕ್ಕ ಬರೋರದಾರೇನ್ರಿ? ಅವ್ವಾರು ಸುಮ್ನ ಕುಂತೋರು ತಟಕ್ನ ಎದ್ದು ರೊಟ್ಟಿ ಬಡ್ಯಾಕತ್ಯಾರ. ಎಲ್ಡು ತಟ್ಟಿ ಇಟ್ಟಾರ.” ಅವಳಿಗೇ ಹಸಿವಾಗಿರಬೇಕು ಎಂದೆ. ಎಂಟು ಗಂಟೆಗೆ ಮನೆ ಮುಟ್ಟಿದಾಗ ಅವ್ವ ಎರಡು ತಟ್ಟೆಯ ಮುಂದೆ ಕೂತಿದ್ದಳು. ಒಂದರಲ್ಲಿ ಎರಡು ಹಸಿಮೆಣಸಿನಕಾಯಿ, ಜಜ್ಜಿದ ಉಳ್ಳಾಗಡ್ಡಿ. ರೊಟ್ಟಿ ಆರಿ ಹಪ್ಪಳವಾಗಿತ್ತು. ಉಣ್ಣು ಎಂದು ಕಿವಿಯಲ್ಲಿ ಕೂಗಿದೆ. ಅವರು ಬರಲಿ ಎಂದಳು. ನನಗೆ ಗಾಬರಿಯಾಯಿತು. “ಅವ್ವಾ, ಅಪ್ಪ ಹೋಗಿ ಮೂರು ವರ್ಷ ಆತು” ಎಂದೆ.

“ಗೊತ್ತೈತಿ,” ಎಂದಳು ಅವ್ವ, ನನ್ನನ್ನೇ ದಡ್ಡಿಯ ಹಾಗೆ ನೋಡುತ್ತ. “ಆದ್ರ ಕಲ್ಲು ಬಡೀತಲ್ಲ.”

ಆ ರಾತ್ರಿ ಅವಳು ಉಣ್ಣಲಿಲ್ಲ. ಮರುದಿನ ಎಂದಿನಂತೆ ಉಂಡಳು. ಕಂಪ್ಲಿಗೆ ನಾವು ಯಾಕೆ ಹೋಗಿದ್ದೆವೆಂದು ಅವಳಿಗೆ ನಾನು ಹೇಳಿರಲಿಲ್ಲ. ಮಾವ ಹೇಳಿರಬೇಕು, ಅದೇ ಮನಸ್ಸಿನಲ್ಲಿ ಉಳಿದಿರಬೇಕು ಎಂದುಕೊಂಡು ಬಿಟ್ಟುಬಿಟ್ಟೆ. ಮಾವನನ್ನು ಕೇಳಲೂ ಇಲ್ಲ. ಉತ್ತರ ನನಗೆ ಬೇಕಾದಂತೆ ಇರಲಿಕ್ಕಿಲ್ಲ ಎಂಬ ಅಂಜಿಕೆ ಆಗಲೇ ಇತ್ತೋ ಏನೋ.

ರೆಸಾರ್ಟಿನವರು ಬಂದು ನೋಡಿ, ಗುಜರಿಯವನು ಹೇಳಿದ್ದರ ಐದು ಪಟ್ಟು ಕೊಟ್ಟು ಕಲ್ಲನ್ನು ಒಯ್ದರು. ಒಳ್ಳೆಯ ಜಾಗಕ್ಕೆ ಹೋಯಿತು ಎಂದು ನಾನು ಹಗುರಾದೆ. ಅದಾದ ಒಂದು ವಾರಕ್ಕೆ ಅವ್ವನ ಸಂಜೆಗಳು ಕೆಟ್ಟವು. ಆರು, ಆರೂವರೆಗೆ ಕೂತಲ್ಲೇ ತಲೆ ಎತ್ತುವಳು, ಸೆರಗು ಸರಿಮಾಡಿಕೊಂಡು ಒಳಗೆ ಹೋಗುವಳು, ಎರಡು ತಟ್ಟೆ ಇಟ್ಟು ಕಾಯುವಳು. ಕೆಲವು ದಿನ ಒಂದೇ ಸಂಜೆಯಲ್ಲಿ ಮೂರು ನಾಲ್ಕು ಸಲ ಬಾಗಿಲಿನ ತನಕ ಹೋಗಿ ಬರುವಳು. ಉಣ್ಣು ಎಂದರೆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. “ಅವರು ಕೆಲಸ ಮುಗಿಸಿ ಬರಾಕತ್ಯಾರ, ನಾ ಮೊದಲ ಹೆಂಗ ಉಣ್ಣಲಿ?” ಎನ್ನುವಳು. ಡಾಕ್ಟರು ವಯಸ್ಸು ಎಂದರು, ಟಾನಿಕ್ ಬರೆದರು, ನಿದ್ದೆಗೆ ಒಂದು ಗುಳಿಗೆ ಕೊಟ್ಟರು. ಹಗಲು ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಒಂದು ತಿಂಗಳಲ್ಲಿ ಅವಳ ಬಳೆ ಮೊಣಕೈವರೆಗೆ ಸರಿಯುವಂತಾಯಿತು. ಬೈದೆ, ಅತ್ತೆ, ಚಮಚದಲ್ಲಿ ಗಂಜಿ ಹಿಡಿದು ಬಲವಂತ ಮಾಡಿದೆ. ಅವಳು ಬಾಯಿ ಬಿಗಿಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಿದ್ದಳು. ನನ್ನ ಕಣ್ಣೆದುರೇ ನನ್ನ ಅವ್ವ ಸೊರಗುತ್ತಿದ್ದಳು, ನನ್ನ ಕೈಯಲ್ಲಿ ಏನೂ ಆಗುತ್ತಿರಲಿಲ್ಲ.

ಒಂದು ಭಾನುವಾರ ಮನಸ್ಸು ತಡೆಯದೆ ಕಲ್ಲನ್ನು ನೋಡಲು ಕಮಲಾಪುರಕ್ಕೆ ಹೋದೆ. ರೆಸಾರ್ಟಿನ ಊಟದ ಹಾಲಿನ ಮುಂದಿನ ಹುಲ್ಲುಹಾಸಿನಲ್ಲಿ, ಸಿಮೆಂಟಿನ ಕಟ್ಟೆಯಲ್ಲಿ ಬುಡ ಹೂತು ಅದನ್ನು ನಿಲ್ಲಿಸಿದ್ದರು. ಕಪ್ಪು ಬಣ್ಣ ಬಳಿದು ಪಳಪಳ ಮಾಡಿದ್ದರು. ಪಕ್ಕದಲ್ಲಿ ಬೋರ್ಡು: ವಿಜಯನಗರ ಕಾಲದ ಅಡಿಗಲ್ಲು, ಇದರ ಮೇಲೆ ಯುದ್ಧದ ಖಡ್ಗಗಳು ತಯಾರಾದವು. ಅಪ್ಪ ಇದ್ದಿದ್ದರೆ ಕುಣಿದಾಡುತ್ತಿದ್ದ. ಬಣ್ಣದ ಮೇಲೆ ಬೆರಳಾಡಿಸಿದರೆ ಆ ಇಂಗ್ಲಿಷ್ ಅಕ್ಷರಗಳು ಈಗಲೂ ಸಿಗುತ್ತಿದ್ದವು. ಕಲ್ಲಿಗೆ ಸರಪಳಿಯಿಂದ ಒಂದು ಸುತ್ತಿಗೆ ಕಟ್ಟಿತ್ತು. ಸಂಜೆ ಹಂಪಿ ಸುತ್ತಿ ಬಂದ ಅತಿಥಿಗಳು ಒಬ್ಬೊಬ್ಬರಾಗಿ ಬಂದು ಕಲ್ಲಿಗೆ ಬಡಿದು, ನಕ್ಕು, ಫೋಟೋ ತೆಗೆಸಿಕೊಂಡು ಒಳಗೆ ಊಟಕ್ಕೆ ಹೋಗುತ್ತಿದ್ದರು. ನಾನು ಗಡಿಯಾರ ನೋಡಿದೆ. ಆರು ಇಪ್ಪತ್ತು. ಮನೆಯಲ್ಲಿ ಅವ್ವ ತಲೆ ಎತ್ತುವ ಹೊತ್ತು.

ಕೆಂಪು ಪೆನ್ನಿನವಳಲ್ಲವೇ, ಪರೀಕ್ಷೆ ಮಾಡದೆ ಬಿಡುವುದುಂಟೆ? ಮುಂದಿನ ಭಾನುವಾರಕ್ಕೆ ಶಾಂತಕ್ಕನಿಗೆ ಒಂದು ಕೆಲಸ ಹಚ್ಚಿದೆ. ಇಬ್ಬರ ಫೋನಿನಲ್ಲೂ ಸೆಕೆಂಡು ಕಾಣುವ ಗಡಿಯಾರ ತೆರೆದೆ, ಎರಡೂ ಸರಿಯಿವೆ ಎಂದು ನೋಡಿದೆ. ಅವ್ವ ಯಾವಾಗ ತಲೆ ಎತ್ತುತ್ತಾಳೋ ಆಗಿನ ಹೊತ್ತು ಬರೆದಿಡು, ನನಗೆ ಫೋನು ಮಾಡಬೇಡ ಎಂದೆ. ಯಾಕೆಂದು ಹೇಳಲಿಲ್ಲ. ನಾನು ರೆಸಾರ್ಟಿನ ಕಲ್ಲುಬೆಂಚಿನ ಮೇಲೆ ಕೂತು ಪ್ರತಿ ಪೆಟ್ಟಿನ ಹೊತ್ತು ಬರೆದುಕೊಂಡೆ. ಆ ಸಂಜೆ ಜನ ಕಡಿಮೆ, ನಾಲ್ಕು ಸಲ ಮಾತ್ರ ಕಲ್ಲು ಬಡಿಯಿತು. ಮನೆಗೆ ಬಂದು ಕ್ಯಾಲೆಂಡರಿನ ಹಾಳೆಯ ಹಿಂದೆ ಶಾಂತಕ್ಕ ಬರೆದದ್ದನ್ನು ನೋಡಿದೆ. ಅದರಲ್ಲೂ ನಾಲ್ಕೇ ಹೊತ್ತು. ಪ್ರತಿಯೊಂದೂ ನನ್ನದಕ್ಕಿಂತ ಇಪ್ಪತ್ತಾರೋ ಇಪ್ಪತ್ತೇಳೋ ಸೆಕೆಂಡು ತಡ.

ಈ ತಡ ಏಕೆ ಎಂದು ನನಗೆ ಹೊಳೆದದ್ದು ರಾತ್ರಿ ಪಾತ್ರೆ ತೊಳೆಯುವಾಗ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಮುನ್ನೂರ ನಲವತ್ತು ಮೀಟರಿನಷ್ಟು ಹೋಗುತ್ತದೆ ಎಂದು ಎಷ್ಟು ಬ್ಯಾಚಿನ ಮಕ್ಕಳಿಗೆ ಉರು ಹೊಡೆಸಿದವಳು ನಾನು! ಆ ರೆಸಾರ್ಟಿನಿಂದ ನಮ್ಮ ಮನೆಗೆ ನೇರ ಗೆರೆ ಎಳೆದರೆ ಒಂಬತ್ತು ಕಿಲೋಮೀಟರ್ ಚಿಲ್ಲರೆ. ಭಾಗಿಸಿ ನೋಡಿ, ನಾನು ಹೇಳುವುದಿಲ್ಲ. ಒಂಬತ್ತು ಕಿಲೋಮೀಟರ್ ಆಚೆಯ ಸುತ್ತಿಗೆಯ ಪೆಟ್ಟು, ಬಾಳೆತೋಟ, ಗುಡ್ಡ, ಬಸ್ಸು, ಲಾರಿ ಎಲ್ಲ ದಾಟಿ ಯಾರ ಕಿವಿಗೂ ಬೀಳಲಾರದು. ಕಿವುಡಿಯ ಕಿವಿಗಂತೂ ಸಾಧ್ಯವೇ ಇಲ್ಲ. ಆದರೆ ಬೀಳುವುದಾಗಿದ್ದರೆ ಸರಿಯಾಗಿ ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಮರುದಿನವೇ ರೆಸಾರ್ಟಿನ ಮ್ಯಾನೇಜರನ ಹತ್ತಿರ ಹೋದೆ. ಇಲ್ಲೇ ಸುತ್ತಿನ ಊರಿನವನು, ಒಳ್ಳೆಯ ಹುಡುಗ. ನೀವು ಕೊಟ್ಟಷ್ಟೇ ಅಲ್ಲ, ಹೆಚ್ಚಿಗೆ ಕೊಡುತ್ತೇನೆ, ಕಲ್ಲು ವಾಪಸ್ ಕೊಡಿ ಎಂದೆ. ಅವನು ತಲೆ ಕೆರೆದುಕೊಂಡ.

“ಈಗ ಅದು ಹೆರಿಟೇಜ್ ಐಟಂ ಆಗೈತ್ರಿ ಮೇಡಂ. ಓನರು ಅದರ ಫೋಟೋನ ಎಲ್ಲಾ ಕಡೆ ಹಾಕ್ಯಾರ. ಕೊಡಂಗಿಲ್ಲ.”

ಅದು ಬ್ರಿಟಿಷರ ಕಾಲದ್ದು, ನಿಮ್ಮ ಬೋರ್ಡು ಸುಳ್ಳು ಎಂದೆ. ಅವನು ಸುತ್ತ ನೋಡಿ ದನಿ ತಗ್ಗಿಸಿದ. “ಗೆಸ್ಟ್ ಮುಂದ ಹಂಗ ಅನಬ್ಯಾಡ್ರಿ ಮೇಡಂ, ನನ್ನ ಕೆಲಸ ಹೋಗ್ತೈತಿ.” ಅಪ್ಪ ತಮಾಷೆಗೆ ಹೇಳುತ್ತಿದ್ದ ಸುಳ್ಳು ಈಗ ಕಲ್ಲಿಗೆ ಎಂಥ ಬೆಲೆ ತಂದಿತ್ತೆಂದರೆ ಅದನ್ನು ಕೊಳ್ಳುವುದು ನನ್ನಂಥವಳ ಕೈ ಮೀರಿತ್ತು. ಕೊನೆಗೆ ಆ ಸುತ್ತಿಗೆಯನ್ನಾದರೂ ತೆಗೆಸು ಎಂದು ಕೈಮುಗಿದೆ, ಕಾರಣ ಹೇಳುತ್ತ ಅತ್ತುಬಿಟ್ಟೆ. ಅವನು ತೆಗೆಸಿದ. ಎರಡು ಸಂಜೆ ಅವ್ವ ತಲೆ ಎತ್ತಲಿಲ್ಲ, ನನ್ನ ಜೊತೆ ಕೂತು ಒಂದೊಂದು ರೊಟ್ಟಿ ಉಂಡಳು. ಮೂರನೆಯ ಸಂಜೆ ಮತ್ತೆ ಬಾಗಿಲಿಗೆ ಹೋದಳು. ಗೆಸ್ಟ್‌ಗಳು ಕೇಳುತ್ತಾರೆಂದು ಓನರು ಸುತ್ತಿಗೆ ಮತ್ತೆ ಕಟ್ಟಿಸಿದ್ದರು.

ಆಗ ನನಗೆ ಉಳಿದದ್ದು ನಾನು ಬೇಡವೆಂದು ಬೀಗ ಹಾಕಿದ್ದ ಆ ಒಂದು ಕೆಲಸ. ನಂಬಿಕೆಯಿಂದ ಹೋದೆ ಎಂದು ಹೇಳಲಾರೆ. ಬೇರೆ ದಾರಿ ಕಾಣದೆ ಹೋದೆ. ಮ್ಯಾನೇಜರು ಒಪ್ಪಿದ. ಒಂದು ಭಾನುವಾರ ಸಂಜೆ ಐದೂವರೆಗೆ, ಅತಿಥಿಗಳು ಬರುವ ಮೊದಲು, ಅಪ್ಪನ ಸುತ್ತಿಗೆ ಚೀಲದಲ್ಲಿಟ್ಟುಕೊಂಡು ಹೋದೆ. ಶಾಂತಕ್ಕನಿಗೆ ಮತ್ತೆ ಹೊತ್ತು ಬರೆಯಲು ಹೇಳಿದ್ದೆ, ಎಲ್ಲಿಗೆ ಹೋಗುತ್ತೇನೆಂದು ಅವಳಿಗೂ ಹೇಳಿರಲಿಲ್ಲ. ಮ್ಯಾನೇಜರು ಯಾರೂ ಹೇಳದೆಯೇ ಬೂಟು ಬಿಚ್ಚಿ ದೂರ ನಿಂತ. ನಾನು ಎರಡು ಸಣ್ಣ ಪೆಟ್ಟು ಹಾಕಿದೆ. ಮೂರನೆಯದನ್ನು ಇದ್ದ ಬಲವನ್ನೆಲ್ಲ ಹಾಕಿ ಹೊಡೆದು, ನಾದ ಏಳುತ್ತಲೇ ಅಂಗೈ ಒತ್ತಿದೆ. ಕೈಯೊಳಗೆ ಅದು ಜುಮುಜುಮು ಎಂದು ನಡುಗಿ ನಿಂತಿತು. ಮಲಗಿಸುವುದು ಮಾತ್ರ ಆಗಲಿಲ್ಲ. ಬುಡ ಸಿಮೆಂಟಿನಲ್ಲಿ ಹೂತಿತ್ತು. ಎರಡೂ ಕೈಯಿಂದ ದೂಡಿದೆ, ಭುಜ ಕೊಟ್ಟು ದೂಡಿದೆ. “ಬ್ಯಾಡ್ರಿ ಮೇಡಂ, ಅದು ಅಲ್ಲಾಡಂಗಿಲ್ಲ” ಎಂದು ಹುಡುಗ ನನ್ನ ತೋಳು ಹಿಡಿದುಕೊಂಡ.

ಬಸ್‌ಸ್ಟಾಪಿನಿಂದ ಶಾಂತಕ್ಕನಿಗೆ ಫೋನು ಮಾಡಿದೆ. ಅವ್ವ ತಲೆ ಎತ್ತಿದ್ದಳೇ ಎಂದು ಕೇಳಿದೆ. “ಇಲ್ರಿ ಟೀಚರ್ರ, ಐದೂವರೆಯಿಂದ ಕಣ್ಣು ಮಿಟುಕಿಸದ ನೋಡಾಕತ್ತೀನಿ. ಸುಮ್ನ ಕುಂತಾರ,” ಎಂದಳು. ಕೊನೆಯ ಪೆಟ್ಟನ್ನು ನಾನು ಅದುಮಿದ್ದೆ, ಸರಿ. ಮೊದಲಿನ ಎರಡು? ಮಾವನ ಪೆಟ್ಟು ಕಂಪ್ಲಿಯಿಂದ ಮುಟ್ಟಿತು, ಊರು ಹೆಸರು ಗೊತ್ತಿಲ್ಲದ ಪ್ರವಾಸಿಗಳ ಪೆಟ್ಟೂ ಮುಟ್ಟಿತು. ಮಗಳದ್ದು ಮುಟ್ಟಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತುಕೊಂಡೇ ಬಂದೆ.

ಮನೆಯ ಬಾಗಿಲು ತೆಗೆದಾಗ ಏಳು ಗಂಟೆ, ಶಾಂತಕ್ಕ ತನ್ನ ಮನೆಗೆ ಹೋಗಿದ್ದಳು. ಅವ್ವ ಒಳಗೆ ಒಲೆಯ ಮುಂದಿದ್ದಳು. ಎರಡು ತಟ್ಟೆ ಇಟ್ಟಿತ್ತು, ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದಳು. ಅವಳು ನನ್ನನ್ನು ಹಾಗೆ ಎಂದೂ ನೋಡಿದವಳಲ್ಲ.

“ಬಂದ್ರ್ಯಾ? ಭಾಳ ಹೊತ್ತಾತು. ಕೈ ತೊಳಕೊಂಡು ಕುಂದ್ರಿ,” ಎಂದಳು.

ಅಪ್ಪನ ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿದಳು. ನನಗೆ ಅಸಿಡಿಟಿ, ಹಸಿಮೆಣಸಿನಕಾಯಿ ಮುಟ್ಟುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತು. ಎರಡು ಹಸಿಮೆಣಸಿನಕಾಯಿ ಇಟ್ಟಳು. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಜಜ್ಜಿ ಇಟ್ಟಳು. ತನ್ನ ತಟ್ಟೆ ಎಳೆದುಕೊಂಡು ಎದುರಿಗೆ ಕೂತು, ರೊಟ್ಟಿ ಮುರಿಯುವ ಮೊದಲು ಕೇಳಿದಳು:

“ಕಲ್ಲು ಮಲಗಿಸಿದ್ರ್ಯಾ?”

ಕಿವಿಯಲ್ಲಿ ಕೂಗಿದರೂ ಅರ್ಧ ಮಾತು ಕೇಳದವಳಿಗೆ ನಾನು ಬರೀ ತುಟಿಯಲ್ಲಿ, “ಹೂಂ, ಮಲಗಿಸಿದೆ” ಎಂದೆ. ಅವಳಿಗೆ ಅದು ಸಾಕಾಯಿತು. ಒಂದು ರೊಟ್ಟಿ ಉಂಡಳು, ಇನ್ನೊಂದು ಹಾಕಿಕೊಂಡಳು. ನಾನು ಮೆಣಸಿನಕಾಯಿ ಕಚ್ಚಿಕೊಂಡು ಉಂಡೆ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದು ಅವಳು ತಿಳಿದಿರಬೇಕು, ನೀರಿನ ತಂಬಿಗೆ ಹತ್ತಿರ ಸರಿಸಿದಳು.

ಆಮೇಲೆ ರೆಸಾರ್ಟಿನಲ್ಲಿ ಎಷ್ಟು ಜನ ಎಷ್ಟು ಸಲ ಬಡಿದರೂ ಅವ್ವ ತಲೆ ಎತ್ತಲಿಲ್ಲ. ಶಾಂತಕ್ಕನನ್ನು ಕೂರಿಸಿ ಎರಡು ಸಲ ನೋಡಿದೆ, ಕಾಗದ ಖಾಲಿ. ಅವಳು ಇನ್ನೂ ನಾಲ್ಕು ತಿಂಗಳು ಬದುಕಿದಳು, ಪ್ರತಿ ಸಂಜೆ ಹೊಟ್ಟೆ ತುಂಬ ಉಂಡಳು. ಅದಕ್ಕೆ ನಾನು ತೆತ್ತದ್ದು ಇಷ್ಟು: ಬೆಳಿಗ್ಗೆ ನಾನು ಅವಳ ಮಗಳಾಗಿರುತ್ತಿದ್ದೆ, ಹೆಸರು ಹಿಡಿದು ಕೂಗುತ್ತಿದ್ದಳು, ಬೈಯುತ್ತಿದ್ದಳು. ಸಂಜೆ ಊಟಕ್ಕೆ ಕೂತಾಗ ಆ ನಾಲ್ಕು ತಿಂಗಳಲ್ಲಿ ಒಂದು ದಿನವೂ ಅವಳು ನನ್ನ ಹೆಸರು ಹಿಡಿಯಲಿಲ್ಲ. ನಾನು ಅಪ್ಪನ ತಟ್ಟೆಯಲ್ಲಿ ಉಂಡು ಸುಮ್ಮನಿರುತ್ತಿದ್ದೆ. “ಅವ್ವಾ, ನಾನು ನಿನ್ನ ಮಗಳು” ಎಂದು ಎಷ್ಟೋ ಸಲ ಬಾಯಿಗೆ ಬಂತು. ಹೇಳಿದರೆ ಅವಳು ಮತ್ತೆ ಉಣ್ಣುವುದನ್ನು ಬಿಟ್ಟಾಳು ಎಂದು ನುಂಗಿಕೊಂಡೆ.

ಅವ್ವ ಹೋಗಿ ಈಗ ಕೆಲವು ವರ್ಷಗಳಾದವು. ಅವಳಿಗೆ ಕಲ್ಲಿನ ಸುದ್ದಿ ಮೊದಲೇ ಗೊತ್ತಿತ್ತೇ ಎಂದು ಮಾವನನ್ನು ಆಮೇಲೆ ಕೇಳಿದೆ. ತಾನು ಒಂದು ಮಾತೂ ಹೇಳಿಲ್ಲ ಎಂದು ಅವನು ಆಣೆ ಹಾಕಿದ. ಹೊತ್ತು ಬರೆದ ಆ ಎರಡು ಕಾಗದಗಳನ್ನು, ನನ್ನದನ್ನೂ ಶಾಂತಕ್ಕನದನ್ನೂ, ಪಕ್ಕಪಕ್ಕ ಇಟ್ಟು ನನ್ನ ಕೆಂಪು ಪೆನ್ನಿನಿಂದಲೇ ಎಷ್ಟೋ ಸಲ ತಿದ್ದಲು ನೋಡಿದ್ದೇನೆ. ಎಲ್ಲಿ ಗೆರೆ ಎಳೆಯಬೇಕೆಂದು ತಿಳಿಯುವುದಿಲ್ಲ.

ಮಲಗಿಸಿದೆ ಎಂದು ನಾನು ಅವ್ವನಿಗೆ ಸುಳ್ಳು ಹೇಳಿದ ಕಲ್ಲು ಕಮಲಾಪುರದ ಹುಲ್ಲುಹಾಸಿನಲ್ಲಿ ಇನ್ನೂ ನಿಂತೇ ಇದೆ. ದಿನಾ ಸಂಜೆ ಯಾರೋ ಅದಕ್ಕೆ ಬಡಿಯುತ್ತಾರೆ. ಆರು, ಆರೂವರೆಯ ಹೊತ್ತಿಗೆ ನಾನು ಟಿ.ವಿ. ಆರಿಸಿ, ಫ್ಯಾನು ನಿಲ್ಲಿಸಿ, ಅಡುಗೆಮನೆಯಲ್ಲಿ ಅವ್ವ ಕೂಡುತ್ತಿದ್ದ ಜಾಗದಲ್ಲಿ ಕೂತು ಕಿವಿಗೊಡುತ್ತೇನೆ. ನನ್ನ ಕಿವಿ ಚೆನ್ನಾಗಿವೆ. ನನಗೆ ಏನೂ ಕೇಳಿಸುವುದಿಲ್ಲ.